ಲೋಕಮಾನ್ಯ ಟಿಳಕರೂ ಮಾತಿನ ಮೇರೆಯೂ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಆಡಿದ ಮಾತು ಆಡಿದವನ ಕೈಯಲ್ಲಿ ಉಳಿಯುವುದಿಲ್ಲ. ಅದು ಕೇಳಿದವನ ಮನಸ್ಸನ್ನು ಹೊಕ್ಕು ಅಲ್ಲಿ ವಿವೇಕವಾಗಬಹುದು, ಕೋಪವೂ ಆಗಬಹುದು. ಹೀಗಿರಲು, ಒಬ್ಬನ ಮಾತನ್ನು ಕೇಳಿ ಮತ್ತೊಬ್ಬನು ಕೈಯೆತ್ತಿದರೆ ತಪ್ಪು ಯಾರದು? ಹಾಗಾದೀತೆಂಬ ಭಯದಿಂದ ಮಾತನ್ನೇ ತಡೆಯುವ ಅಧಿಕಾರವು ಸರಕಾರಕ್ಕೆ ಎಷ್ಟರ ಮಟ್ಟಿಗೆ ಇರಬೇಕು? ಈ ಪ್ರಶ್ನೆಗಳನ್ನು ನಮ್ಮ ದೇಶದ ನ್ಯಾಯಾಲಯಗಳ ಮುಂದೆ ತಮ್ಮ ಬಾಳನ್ನೇ ಪಣವಾಗಿಟ್ಟು ಎತ್ತಿದವರಲ್ಲಿ ಲೋಕಮಾನ್ಯ ಬಾಲ ಗಂಗಾಧರ ಟಿಳಕರು ಅಗ್ರಗಣ್ಯರು.

ಟಿಳಕರ ಹೆಸರು ನಮಗೆ ಹೊಸತಲ್ಲ. ಡೊಂಬಿವಲಿಯಲ್ಲಿ ಟಿಳಕನಗರವಿದೆ, ಕಲ್ಯಾಣದಲ್ಲಿ ಟಿಳಕ ಚೌಕವಿದೆ. ಬೇಸಗೆಯ ರಜೆಯಲ್ಲಿ ಮಂಗಳೂರಿನ ಕಡೆಗೆ ಹೋಗುವ ನಮ್ಮ ಮಕ್ಕಳು ಮತ್ಸ್ಯಗಂಧಾ ರೈಲು ಹೊರಡುವ ಕುರ್ಲಾ ನಿಲ್ದಾಣದ ಹೆಸರನ್ನು ಓದಿಯೇ ಇರುತ್ತಾರೆ, ಅದೂ ಲೋಕಮಾನ್ಯರದೇ. ಆದರೆ ಹೆಸರು ಹಲಗೆಯ ಮೇಲೆ ಬಂದಷ್ಟಕ್ಕೆ ಮನುಷ್ಯನು ನಮಗೆ ಪರಿಚಿತನಾದಂತಲ್ಲ. ಅವರು ಮೂರು ಸಲ ರಾಜದ್ರೋಹದ ಆರೋಪವನ್ನು ಎದುರಿಸಿದರೆಂಬುದೂ, ಆ ಮೂರನೆಯ ಪ್ರಕರಣಕ್ಕೆ ನಮ್ಮ ಬೆಳಗಾವಿಯ ನೆಲವೇ ಕಾರಣವಾಯಿತೆಂಬುದೂ ಎಷ್ಟು ಜನ ವಿದ್ಯಾರ್ಥಿಗಳಿಗೆ ತಿಳಿದಿದೆ? ಆ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಟಿಳಕರು 1856ನೆಯ ಇಸವಿಯ ಜುಲೈ 23ರಂದು ಕೊಂಕಣದ ರತ್ನಾಗಿರಿಯಲ್ಲಿ ಜನಿಸಿದರು. ತಂದೆ ಗಂಗಾಧರಪಂತರು ಶಾಲಾಶಿಕ್ಷಕರು, ಸಂಸ್ಕೃತದಲ್ಲಿಯೂ ಗಣಿತದಲ್ಲಿಯೂ ಪ್ರವೀಣರು. 1866ರಲ್ಲಿ ಕುಟುಂಬವು ಪುಣೆಗೆ ಬಂದಿತು. ಹದಿನಾರನೆಯ ವಯಸ್ಸಿಗೆ ತಂದೆಯೂ ಇಲ್ಲವಾಗಲು, ಹುಡುಗನು ತನ್ನ ಬುದ್ಧಿಬಲವೊಂದನ್ನೇ ನಂಬಿ ಓದಬೇಕಾಯಿತು. ಡೆಕ್ಕನ್ ಕಾಲೇಜಿನಲ್ಲಿ ಗಣಿತವನ್ನು ಓದಿ ಪದವೀಧರರಾದರು. 1879ರಲ್ಲಿ ಕಾನೂನಿನ ಪದವಿಯನ್ನೂ ಪಡೆದರು. ವಕೀಲಿಯಲ್ಲಿ ಹಣವಿತ್ತು, ಸರಕಾರಿ ನೌಕರಿಯಲ್ಲಿ ಮಾನವಿತ್ತು. ಎರಡನ್ನೂ ಬಿಟ್ಟು ಅವರು ಆರಿಸಿಕೊಂಡುದು ಶಿಕ್ಷಕವೃತ್ತಿಯನ್ನು. 1880ರ ಜನವರಿಯಲ್ಲಿ ವಿಷ್ಣುಶಾಸ್ತ್ರಿ ಚಿಪಳೂಣಕರರೊಡನೆ ಸೇರಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲನ್ನು ತೆರೆದರು. ಮರುವರ್ಷ ಮರಾಠಿಯಲ್ಲಿ 'ಕೇಸರಿ', ಇಂಗ್ಲಿಷಿನಲ್ಲಿ 'ಮರಾಠಾ' ಎಂಬ ಎರಡು ವಾರಪತ್ರಿಕೆಗಳು ಹೊರಟವು. 'ಕೇಸರಿ'ಯ ಮೊದಲ ಸಂಪಾದಕರು ಟಿಳಕರ ಗೆಳೆಯರಾದ ಗೋಪಾಳ ಗಣೇಶ ಆಗರಕರರು.

ಪತ್ರಿಕೆ ಹುಟ್ಟಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಸಂಪಾದಕರಿಬ್ಬರೂ ಸೆರೆಮನೆ ಕಾಣುವ ಪ್ರಸಂಗ ಬಂದಿತು. ಕೊಲ್ಹಾಪುರದ ಎಳೆಯ ಮಹಾರಾಜರನ್ನು ಸಂಸ್ಥಾನದ ಕಾರಭಾರಿಯು ಹಿಂಸಿಸುತ್ತಿರುವನೆಂದು ಪತ್ರಿಕೆಗಳು ಬರೆದವು. ಕಾರಭಾರಿಯು ಮಾನಹಾನಿಯ ದಾವೆ ಹೂಡಿದನು. ಪತ್ರಿಕೆಯವರು ನಂಬಿದ್ದ ಕಾಗದಪತ್ರಗಳು ಖೋಟಾ ಎಂದು ವಿಚಾರಣೆಯಲ್ಲಿ ತಿಳಿದುಬಂದಿತು. ಇಬ್ಬರಿಗೂ ನಾಲ್ಕು ತಿಂಗಳ ಸಜೆಯಾಗಿ, 1882ರಲ್ಲಿ ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನ ಕಳೆದರು. ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ಒಳ್ಳೆಯ ಉದ್ದೇಶವು ಸುಳ್ಳು ಕಾಗದವನ್ನು ಸತ್ಯವಾಗಿಸಲಾರದು. ಬರೆಯುವ ಸ್ವಾತಂತ್ರ್ಯಕ್ಕೆ ಮೊದಲ ಮೇರೆಯು ಸತ್ಯವೆಂಬ ಪಾಠವನ್ನು ಅವರು ತಾರುಣ್ಯದಲ್ಲಿಯೇ ಕಲಿತರು.

ಮುಂದೆ ಗೆಳೆಯರಲ್ಲಿ ಭಿನ್ನಾಭಿಪ್ರಾಯ ಹುಟ್ಟಿತು. ಆಗರಕರರಿಗೆ ಸಮಾಜಸುಧಾರಣೆ ಮೊದಲು, ಟಿಳಕರಿಗೆ ಸ್ವರಾಜ್ಯ ಮೊದಲು. ಆಗರಕರರು ಬೇರೆಯಾಗಿ 1888ರಲ್ಲಿ 'ಸುಧಾರಕ'ವೆಂಬ ಪತ್ರಿಕೆಯನ್ನು ಹೊರಡಿಸಿದರು. ಹುಡುಗಿಯರ ಸಮ್ಮತಿವಯಸ್ಸನ್ನು ಏರಿಸುವ 1891ರ ಕಾನೂನನ್ನು ಟಿಳಕರು ವಿರೋಧಿಸಿದರು. ಪರಕೀಯ ಸರಕಾರವು ನಮ್ಮ ಮನೆಯ ವಿಷಯದಲ್ಲಿ ಕೈಹಾಕಕೂಡದೆಂಬುದು ಅವರ ವಾದ. ಇಂದಿನ ನಮಗೆ ಆ ವಾದ ಒಪ್ಪಿಗೆಯಾಗುವುದು ಕಷ್ಟ. ಆಗರಕರರು ಜನರಿಗೆ ಒಪ್ಪದ ಮಾತನ್ನಾಡಿದುದಕ್ಕಾಗಿ ಅವರು ಬದುಕಿರುವಾಗಲೇ ಪುಣೆಯಲ್ಲಿ ಅವರ ಅಣಕು ಶವಯಾತ್ರೆಯನ್ನು ತೆಗೆದರಂತೆ. ಮಾತಿಗೆ ಅಪಾಯವು ಸರಕಾರದಿಂದ ಮಾತ್ರ ಬರುವುದಿಲ್ಲ, ಕೆರಳಿದ ಜನರಿಂದಲೂ ಬರುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಈಗ ಕಾನೂನಿನ ಕಡೆಗೆ ಹೊರಳೋಣ. ಭಾರತೀಯ ದಂಡಸಂಹಿತೆಯು 1860ರಲ್ಲಿ ಆಯಿತು. ಅದಕ್ಕೆ 1870ರಲ್ಲಿ 124-ಎ ಎಂಬ ಕಲಮನ್ನು ಸೇರಿಸಿದರು. ಮಾತಿನಿಂದಾಗಲಿ ಬರಹದಿಂದಾಗಲಿ ಸರಕಾರದ ಬಗೆಗೆ ಜನರಲ್ಲಿ ಅಪ್ರೀತಿಯನ್ನು ಕೆರಳಿಸುವುದು ಅಪರಾಧವೆಂದು ಅದರ ತಾತ್ಪರ್ಯ. ಸರಕಾರದ ಕೆಲಸವನ್ನು ಮೆಚ್ಚದಿರುವುದು ಅಪರಾಧವಲ್ಲವೆಂಬ ವಿವರಣೆಯೂ ಅದರಲ್ಲಿತ್ತು. ಹಾಗಾದರೆ ಮೆಚ್ಚದಿರುವಿಕೆ ಎಲ್ಲಿಗೆ ಮುಗಿಯುತ್ತದೆ, ಅಪ್ರೀತಿ ಎಲ್ಲಿಂದ ಮೊದಲಾಗುತ್ತದೆ? ಗೆರೆ ಎಲ್ಲಿದೆಯೆಂಬುದನ್ನು ಕಾನೂನು ಸ್ಪಷ್ಟಪಡಿಸಿರಲಿಲ್ಲ. ಆ ಗೆರೆಯ ಮೇಲೆಯೇ ಟಿಳಕರು ನಿಲ್ಲಬೇಕಾಯಿತು.

1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. 1897ರ ಆರಂಭದಲ್ಲಿ ಪುಣೆಯನ್ನೂ ಮುಟ್ಟಿತು. ರೋಗ ಹರಡದಂತೆ ನೋಡಲು ರ್ಯಾಂಡ್ ಎಂಬ ಅಧಿಕಾರಿಯು ನೇಮಕವಾದನು. ಗೋರಾ ಸೈನಿಕರು ಮನೆ ಮನೆ ಹೊಕ್ಕು ಶೋಧಿಸಿದರು. ಅಡಿಗೆಮನೆ, ದೇವರಮನೆಗಳನ್ನೂ ಬಿಡಲಿಲ್ಲ. ಊರವರ ಮನಸ್ಸು ಕುದಿಯಿತು. ಟಿಳಕರು ಊರು ಬಿಟ್ಟು ಓಡಲಿಲ್ಲ. ಪುಣೆಯಲ್ಲಿಯೇ ನಿಂತು ರೋಗಿಗಳಿಗೆ ನೆರವಾದರು. ಅಧಿಕಾರಿಗಳ ದಬ್ಬಾಳಿಕೆಯನ್ನು 'ಕೇಸರಿ'ಯಲ್ಲಿ ಕಟುವಾಗಿ ಖಂಡಿಸಿದರು. ಜೂನ್ ತಿಂಗಳಲ್ಲಿ ಶಿವಾಜಿ ಉತ್ಸವ ನಡೆಯಿತು. ಅಫಜಲಖಾನನ ವಧೆಯು ಪಾಪವೇ ಅಲ್ಲವೇ ಎಂಬ ಚರ್ಚೆ ಅಲ್ಲಿ ಆಯಿತು. ಅದರ ವರದಿಯೂ, ಶಿವಾಜಿಯು ಇಂದಿನ ಸ್ಥಿತಿಯನ್ನು ಕಂಡು ಮರುಗುವಂತೆ ರಚಿಸಿದ ಪದ್ಯವೂ ಜೂನ್ 15ರ 'ಕೇಸರಿ'ಯಲ್ಲಿ ಅಚ್ಚಾದವು. ಏಳು ದಿನಗಳ ತರುವಾಯ, ಜೂನ್ 22ರ ರಾತ್ರಿ, ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಸಮಾರಂಭದಿಂದ ಮರಳುತ್ತಿದ್ದ ರ್ಯಾಂಡನನ್ನೂ, ಐಯರ್ಸ್ಟ್ ಎಂಬ ಇನ್ನೊಬ್ಬ ಅಧಿಕಾರಿಯನ್ನೂ ಚಾಪೇಕರ ಸೋದರರು ಗುಂಡಿಟ್ಟು ಕೊಂದರು.

ಬರಹಕ್ಕೂ ಕೊಲೆಗೂ ಸಂಬಂಧವಿದೆಯೆಂದು ಆಂಗ್ಲ ಪತ್ರಿಕೆಗಳು ಕೂಗಿದವು. ಜುಲೈ 27ರಂದು ಟಿಳಕರ ಬಂಧನವಾಯಿತು. ಕೊಲೆಯಲ್ಲಿ ಪಾಲಿತ್ತೆಂಬ ಆರೋಪವನ್ನು ಅವರ ಮೇಲೆ ಹೊರಿಸಲಿಲ್ಲ; ಹೊರಿಸಿದುದು ರಾಜದ್ರೋಹವನ್ನು. ಮುಂಬಯಿ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಸ್ಟ್ರೇಚಿಯವರ ಮುಂದೆ ಸಪ್ಟೆಂಬರಿನಲ್ಲಿ ವಿಚಾರಣೆ ನಡೆಯಿತು. ಕಾನೂನಿನಲ್ಲಿ ಹೇಳಿದ ಅಪ್ರೀತಿಯೆಂದರೆ ಪ್ರೀತಿಯ ಅಭಾವವೆಂದು ಸ್ಟ್ರೇಚಿಯವರು ಜ್ಯೂರಿಗೆ ವಿವರಿಸಿದರು. ಬರಹದಿಂದ ದಂಗೆ ಆಯಿತೇ ಇಲ್ಲವೇ ಎಂಬುದನ್ನು ನೋಡಬೇಕಾಗಿಲ್ಲವೆಂದರು. ಮಕ್ಕಳೇ, ಈ ಅರ್ಥ ಎಷ್ಟು ದೂರ ಹೋಗುತ್ತದೆಂಬುದನ್ನು ಗಮನಿಸಿರಿ. ಸರಕಾರದ ಮೇಲೆ ದ್ವೇಷವಿರಬೇಕಾಗಿಲ್ಲ, ಪ್ರೀತಿ ಇಲ್ಲದಿದ್ದರೂ ಸಾಕು, ಅಪರಾಧವಾದೀತು! ಜ್ಯೂರಿಯ ಒಂಬತ್ತು ಜನರಲ್ಲಿ ಆರು ಮಂದಿ ಯುರೋಪಿಯನರು ದೋಷಿಯೆಂದರು. ಮೂವರು ಭಾರತೀಯರು ನಿರ್ದೋಷಿಯೆಂದರು. ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು. ಮ್ಯಾಕ್ಸ್ ಮುಲ್ಲರ್ ಮೊದಲಾದ ವಿದ್ವಾಂಸರು ಬೇಡಿಕೊಂಡುದರಿಂದ ಒಂದು ವರ್ಷಕ್ಕೆ ಸ್ವಲ್ಪ ಮೊದಲೇ, 1898ರ ಸಪ್ಟೆಂಬರಿನಲ್ಲಿ, ಅವರು ಬಿಡುಗಡೆ ಹೊಂದಿದರು. ಅದೇ ವರ್ಷ ಸರಕಾರವು ರಾಜದ್ರೋಹದ ಕಲಮಿಗೆ ದ್ವೇಷ, ತಿರಸ್ಕಾರ ಎಂಬ ಶಬ್ದಗಳನ್ನು ಕೂಡಿಸಿ ಇನ್ನಷ್ಟು ಹಿಗ್ಗಿಸಿತು. ಜನವರ್ಗಗಳ ನಡುವೆ ವೈರವನ್ನು ಬಿತ್ತುವ ಮಾತನ್ನು ದಂಡಿಸುವ 153-ಎ ಕಲಮನ್ನೂ ತಂದಿತು.

ಹತ್ತು ವರ್ಷಗಳು ಕಳೆದವು. 1908ರ ಏಪ್ರಿಲ್ 30ರಂದು ಬಿಹಾರದ ಮುಜಫ್ಫರಪುರದಲ್ಲಿ ಖುದಿರಾಮ ಬೋಸ್, ಪ್ರಫುಲ್ಲ ಚಾಕಿ ಎಂಬ ತರುಣರು ಒಬ್ಬ ನ್ಯಾಯಾಧೀಶನನ್ನು ಕೊಲ್ಲಲೆಂದು ಬಾಂಬು ಎಸೆದರು. ಗುರಿ ತಪ್ಪಿ, ಆ ಗಾಡಿಯಲ್ಲಿದ್ದ ನಿರಪರಾಧಿಗಳಾದ ತಾಯಿ ಮಗಳು ಸತ್ತರು. ಟಿಳಕರು 'ಕೇಸರಿ'ಯಲ್ಲಿ ಈ ಕುರಿತು ಲೇಖನಗಳನ್ನು ಬರೆದರು. ನಡೆದುದು ಶೋಚನೀಯವೆಂದು ಒಪ್ಪಿದರು. ಆದರೆ ಸರಕಾರದ ದಮನವೇ ತರುಣರನ್ನು ಈ ದಾರಿಗೆ ತಳ್ಳಿತೆಂದು ವಾದಿಸಿದರು. ಬಾಂಬು ಕೋವಿಯಂತೆ ಕಸಿದುಕೊಳ್ಳಬಹುದಾದ ವಸ್ತುವಲ್ಲ, ಅದೊಂದು ವಿದ್ಯೆ. ಆದುದರಿಂದ ಬರಿಯ ದಂಡನೆಯಿಂದ ಅದು ನಿಲ್ಲದು, ಜನರಿಗೆ ಹಕ್ಕುಗಳನ್ನು ಕೊಡುವುದೇ ಶಾಶ್ವತ ಉಪಾಯವೆಂದು ತಿಳಿಸಿದರು. ಎಚ್ಚರಿಸುವುದು ಪತ್ರಿಕೆಯ ಧರ್ಮವೆಂದು ಅವರ ನಿಲುವು. ಅದು ಎಚ್ಚರಿಕೆಯಲ್ಲ, ಬಾಂಬಿನ ಸಮರ್ಥನೆಯೆಂದು ಸರಕಾರದ ನಿಲುವು. ಜೂನ್ 24ರಂದು ಮುಂಬಯಿಯಲ್ಲಿ ಅವರ ಬಂಧನವಾಯಿತು.

ಜಾಮೀನಿಗಾಗಿ ವಾದಿಸಿದ ಬ್ಯಾರಿಸ್ಟರರು ಮಹಮ್ಮದ ಅಲಿ ಜಿನ್ನಾ. ಕೇಳಬೇಕಾದ ನ್ಯಾಯಮೂರ್ತಿಗಳು ದಿನಶಾ ದಾವರರು. 1897ರಲ್ಲಿ ಇದೇ ದಾವರರು ಟಿಳಕರ ಪರವಾಗಿ ನಿಂತು ಜಾಮೀನು ದೊರಕಿಸಿದ್ದರು; ಈಗ ಪೀಠದಲ್ಲಿ ಕುಳಿತು ನಿರಾಕರಿಸಿದರು. ಜುಲೈ 13ರಿಂದ 22ರ ವರೆಗೆ ವಿಚಾರಣೆ ನಡೆಯಿತು. ಟಿಳಕರು ತಮ್ಮ ವಾದವನ್ನು ತಾವೇ ಮಂಡಿಸಿದರು. ಹಲವು ದಿನಗಳಲ್ಲಿ ಒಟ್ಟು 21 ಗಂಟೆಗಳಿಗಿಂತ ಹೆಚ್ಚು ಹೊತ್ತು ಮಾತನಾಡಿದರು. ಅವರ ವಾದದ ಒಂದು ಅಂಶವು ನಮಗೆ ವಿಶೇಷವಾಗಿ ಹಿಡಿಸುತ್ತದೆ. ಲೇಖನಗಳಿದ್ದುದು ಮರಾಠಿಯಲ್ಲಿ, ಜ್ಯೂರಿ ಓದಿದುದು ಅವುಗಳ ಇಂಗ್ಲಿಷ್ ಭಾಷಾಂತರವನ್ನು. ಮೂಲದ ಸೌಮ್ಯ ಶಬ್ದಗಳು ಭಾಷಾಂತರದಲ್ಲಿ ಉಗ್ರವಾಗಿವೆಯೆಂದು ಅವರು ಒಂದೊಂದನ್ನೇ ಎತ್ತಿ ತೋರಿಸಿದರು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಕಚೇರಿಯಲ್ಲಿ ಮತ್ತೊಂದು ಎಂಬಂತೆ ಬದುಕುವ ನಮಗೆ ಈ ಸಂಕಟ ಅರ್ಥವಾಗದಿರದು. ಒಂದು ಮಾತು ಭಾಷೆ ದಾಟುವಾಗ ಅದರ ಬಣ್ಣ ಬದಲಾಗುತ್ತದೆ. ಆ ಬದಲಾದ ಬಣ್ಣಕ್ಕಾಗಿ ಮನುಷ್ಯನು ಸೆರೆಗೆ ಹೋಗಬಹುದು.

ಜ್ಯೂರಿಯಲ್ಲಿ ಏಳು ಮಂದಿ ಯುರೋಪಿಯನರು, ಇಬ್ಬರು ಪಾರಸಿಗಳು. ಏಳು ಮಂದಿ ದೋಷಿಯೆಂದರು, ಇಬ್ಬರು ಅಲ್ಲವೆಂದರು. ಜುಲೈ 22ರ ರಾತ್ರಿ, ಐವತ್ತೆರಡನೆಯ ಹುಟ್ಟುಹಬ್ಬದ ಮುನ್ನಾದಿನ, ಟಿಳಕರಿಗೆ ಆರು ವರ್ಷಗಳ ಗಡೀಪಾರು ಶಿಕ್ಷೆಯೂ ಒಂದು ಸಾವಿರ ರೂಪಾಯಿ ದಂಡವೂ ವಿಧಿಸಲ್ಪಟ್ಟವು. ತೀರ್ಪಿನ ಸುದ್ದಿಗೆ ಮುಂಬಯಿಯ ಗಿರಣಿಗಳು ನಿಂತವು. ಆರು ವರ್ಷದ ಶಿಕ್ಷೆಗೆ ಆರು ದಿನದ ಮುಷ್ಕರವೆಂದು ಕೂಲಿಕಾರರು ಹೊರಬಂದರು. ಕಲ್ಲು ತೂರಾಟವಾಯಿತು, ಸೈನ್ಯ ಗುಂಡು ಹಾರಿಸಿತು, ಬಡವರ ಜೀವಗಳು ಹೋದವು. ಜನರನ್ನು ಮಾತು ಕೆರಳಿಸುವುದೆಂದು ಟಿಳಕರನ್ನು ದಂಡಿಸಿದರು. ಜನರನ್ನು ಹೆಚ್ಚು ಕೆರಳಿಸಿದುದು ಆ ದಂಡನೆಯೇ.

ಟಿಳಕರನ್ನು ಬ್ರಹ್ಮದೇಶದ ಮಂಡಾಲೆಗೆ ಒಯ್ದರು. ಮಧುಮೇಹದಿಂದ ಬಳಲುತ್ತಿದ್ದ ದೇಹ, ಮರದ ಹಲಗೆಗಳ ಕೋಣೆ, ಸುಡುವ ಬಿಸಿಲು. 1910-11ರ ಚಳಿಗಾಲದಲ್ಲಿ ಅಲ್ಲಿಯೇ ಕುಳಿತು ಸೀಸದಕಡ್ಡಿಯಿಂದ 'ಗೀತಾರಹಸ್ಯ'ವನ್ನು ಬರೆದರು. 1912ರಲ್ಲಿ ಪತ್ನಿ ಸತ್ಯಭಾಮಾಬಾಯಿಯವರು ತೀರಿಕೊಂಡ ಸುದ್ದಿಯೂ ಸೆರೆಯಲ್ಲಿಯೇ ಬಂದಿತು. 1914ರ ಜೂನಿನಲ್ಲಿ ಬಿಡುಗಡೆಯಾಯಿತು. ಮರುವರ್ಷ ಗ್ರಂಥ ಪ್ರಕಟವಾಯಿತು. ಅದನ್ನು ಕನ್ನಡಕ್ಕೆ ತಂದವರು ಧಾರವಾಡದ ಆಲೂರ ವೆಂಕಟರಾಯರು. ಕನ್ನಡ ನಾಡು ಒಂದಾಗಬೇಕೆಂದು ಜೀವ ಸವೆಸಿದ ಆ ಹಿರಿಯರಿಗೆ ಟಿಳಕರು ಸ್ಫೂರ್ತಿಯಾಗಿದ್ದರು.

1916ರ ಏಪ್ರಿಲಿನಲ್ಲಿ ಬೆಳಗಾವಿಯಲ್ಲಿ ಪ್ರಾಂತಿಕ ಪರಿಷತ್ತು ಸೇರಿತು. ಹುದಲಿಯ ಗಂಗಾಧರರಾವ ದೇಶಪಾಂಡೆಯವರು ಅಲ್ಲಿ ಟಿಳಕರ ಬಲಗೈಯಾಗಿದ್ದರು. ಹೋಮ್ ರೂಲ್ ಸಂಘವು ಏಪ್ರಿಲ್ 28ರಂದು ಅಲ್ಲಿಯೇ ಸ್ಥಾಪಿತವಾಯಿತು. ಮೇ 1ರಂದು ಟಿಳಕರು ಬೆಳಗಾವಿಯಲ್ಲಿ ಸ್ವರಾಜ್ಯದ ಕುರಿತು ಭಾಷಣ ಮಾಡಿದರು; ಆ ಬಳಿಕ ಅಹಮದನಗರದಲ್ಲಿ ಎರಡು ಭಾಷಣಗಳಾದವು. ಚಕ್ರವರ್ತಿ ಬೇರೆ, ಆತನ ಹೆಸರಿನಲ್ಲಿ ಆಳುವ ಅಧಿಕಾರಿವರ್ಗ ಬೇರೆ. ಬದಲಾಗಬೇಕಾದುದು ಎರಡನೆಯದು ಎಂಬುದು ಅವುಗಳ ಸಾರ. ಜುಲೈ 23ರಂದು ಪುಣೆಯಲ್ಲಿ ಅವರ ಅರವತ್ತನೆಯ ಹುಟ್ಟುಹಬ್ಬ. ಜನರು ಒಂದು ಲಕ್ಷ ರೂಪಾಯಿಗಳ ನಿಧಿಯನ್ನು ಅರ್ಪಿಸಿದರು. ಅದೇ ದಿನ ಸರಕಾರವು ನೋಟೀಸನ್ನು ಅರ್ಪಿಸಿತು! ಒಂದು ವರ್ಷ ಸದ್ವರ್ತನೆಯಿಂದಿರುವುದಾಗಿ ಇಪ್ಪತ್ತು ಸಾವಿರ ರೂಪಾಯಿಗಳ ಮುಚ್ಚಳಿಕೆ ಬರೆದುಕೊಡಬೇಕು, ತಲಾ ಹತ್ತು ಸಾವಿರದ ಇಬ್ಬರು ಜಾಮೀನುದಾರರನ್ನು ಒದಗಿಸಬೇಕು ಎಂಬುದು ಬೇಡಿಕೆ. ಪುಣೆಯ ಮ್ಯಾಜಿಸ್ಟ್ರೇಟರು ಹಾಗೆಯೇ ಆಜ್ಞಾಪಿಸಿದರು.

ಪ್ರಕರಣ ಹೈಕೋರ್ಟಿಗೆ ಹೋಯಿತು. ಜಿನ್ನಾ ಮತ್ತೆ ಟಿಳಕರ ಪರವಾಗಿ ನಿಂತರು. ನ್ಯಾಯಮೂರ್ತಿಗಳಾದ ಬ್ಯಾಚಲರ್ ಮತ್ತು ಲಲ್ಲೂಭಾಯಿ ಶಹಾ ಅವರು 1916ರ ನವೆಂಬರ್ 9ರಂದು ಆ ಆಜ್ಞೆಯನ್ನು ರದ್ದುಪಡಿಸಿದರು. ಭಾಷಣದಿಂದ ಅಲ್ಲೊಂದು ಇಲ್ಲೊಂದು ವಾಕ್ಯವನ್ನು ಕಿತ್ತು ತೂಗಬಾರದು. ಇಡೀ ಭಾಷಣವನ್ನು ಉದಾರವಾದ ಮನಸ್ಸಿನಿಂದ ಓದಿ, ಅದರ ಒಟ್ಟು ಪರಿಣಾಮವೇನೆಂಬುದನ್ನು ನೋಡಬೇಕೆಂದು ಅವರು ನಿರ್ಣಯಿಸಿದರು. ಕಾನೂನು ಬದಲಾಗಿರಲಿಲ್ಲ, ಆರೋಪಿಯೂ ಬದಲಾಗಿರಲಿಲ್ಲ. ಓದುವ ರೀತಿ ಬದಲಾಗಿತ್ತು. ಬೆಳಗಾವಿಯ ಮಾತು ಗೆದ್ದಿತು.

ಕೊನೆಯ ವರ್ಷಗಳಲ್ಲಿ ಟಿಳಕರೇ ವಾದಿಯಾಗಿ ಲಂಡನ್ನಿಗೆ ಹೋದರು. ವ್ಯಾಲೆಂಟೈನ್ ಚಿರೋಲ್ ಎಂಬ ಆಂಗ್ಲ ಪತ್ರಕರ್ತನು ತನ್ನ ಪುಸ್ತಕದಲ್ಲಿ ಅವರ ಬೋಧನೆಗೂ ಕೊಲೆಗಳಿಗೂ ನಂಟು ಕಲ್ಪಿಸಿದ್ದನು. ಅದು ಮಾನಹಾನಿಯೆಂದು ಹೂಡಿದ ದಾವೆಯು 1919ರಲ್ಲಿ ಸೋತುಹೋಯಿತು. 1920ರ ಆಗಸ್ಟ್ 1ರಂದು ಮುಂಬಯಿಯ ಸರದಾರ ಗೃಹದಲ್ಲಿ ಲೋಕಮಾನ್ಯರು ದೇಹ ಬಿಟ್ಟರು. ಗಿರಗಾಂವ ಚೌಪಾಟಿಯಲ್ಲಿ ಅಂತ್ಯಕ್ರಿಯೆಯಾಯಿತು. ಗಾಂಧೀಜಿಯವರೂ ಹೆಗಲು ಕೊಟ್ಟರು. ಎರಡು ವರ್ಷಗಳಲ್ಲಿ ಅದೇ 124-ಎ ಕಲಮಿನ ಕೆಳಗೆ ಗಾಂಧೀಜಿಯವರಿಗೂ ಆರು ವರ್ಷಗಳ ಸಜೆಯಾಯಿತು; ನ್ಯಾಯಾಧೀಶರು ಟಿಳಕರ ಶಿಕ್ಷೆಯನ್ನೇ ಅದಕ್ಕೆ ಅಳತೆಗೋಲಾಗಿ ಇಟ್ಟುಕೊಂಡರು.

ಸ್ವಾತಂತ್ರ್ಯ ಬಂದ ಮೇಲೆ ಮೇರೆ ಎಲ್ಲಿಗೆ ಬಂದಿತು? ನಮ್ಮ ಸಂವಿಧಾನದ 19ನೆಯ ವಿಧಿಯು ಪ್ರತಿಯೊಬ್ಬ ಪ್ರಜೆಗೂ ವಾಕ್‌ಸ್ವಾತಂತ್ರ್ಯವನ್ನು ಕೊಟ್ಟಿದೆ. 1951ರ ಮೊದಲನೆಯ ತಿದ್ದುಪಡಿಯು ಸಾರ್ವಜನಿಕ ಶಾಂತಿ, ಅಪರಾಧಕ್ಕೆ ಪ್ರಚೋದನೆ ಎಂಬ ಕಾರಣಗಳಿಗಾಗಿಯೂ ಮಿತಿಗಳನ್ನು ಹಾಕಬಹುದೆಂದಿತು. ಆದರೆ ಮಿತಿಯು ನ್ಯಾಯಸಮ್ಮತವಾಗಿರಬೇಕೆಂಬ ಕಟ್ಟನ್ನೂ ಇಟ್ಟಿತು. 1962ರಲ್ಲಿ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಸರಕಾರವನ್ನು ಎಷ್ಟೇ ಕಟುವಾಗಿ ಟೀಕಿಸಿದರೂ ಅದು ರಾಜದ್ರೋಹವಲ್ಲ. ಹಿಂಸೆಗೆ ಪ್ರಚೋದಿಸುವ ಅಥವಾ ಅಶಾಂತಿಯನ್ನು ಎಬ್ಬಿಸುವ ಮಾತು ಮಾತ್ರ ಅಪರಾಧವೆಂದು ತೀರ್ಮಾನಿಸಿತು. ಸ್ಟ್ರೇಚಿಯವರ ಅರ್ಥವು ಹೀಗೆ ಬಿದ್ದುಹೋಯಿತು. 2022ರ ಮೇ 11ರಂದು ಅದೇ ಕೋರ್ಟು ಆ ಕಲಮಿನ ಬಳಕೆಯನ್ನು ತಡೆಹಿಡಿಯಿತು. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ರಾಜದ್ರೋಹವೆಂಬ ಹೆಸರು ಅದರಲ್ಲಿಲ್ಲ. ಆದರೆ ದೇಶದ ಸಾರ್ವಭೌಮತೆಗೂ ಏಕತೆಗೂ ಅಪಾಯ ತರುವ ಕೃತ್ಯಗಳ ಬಗೆಗೆ 152ನೆಯ ಕಲಮೂ, ಜನವರ್ಗಗಳಲ್ಲಿ ವೈರ ಬಿತ್ತುವುದರ ಬಗೆಗೆ 196ನೆಯ ಕಲಮೂ ಇವೆ. ಗೆರೆಯ ಚರ್ಚೆ ಮುಗಿದಿಲ್ಲ.

ಈ ಚರ್ಚೆ ನಮ್ಮ ಮನೆಯ ಬಾಗಿಲಿಗೂ ಬಂದಿತ್ತು. 2012ರ ನವೆಂಬರಿನಲ್ಲಿ ಒಬ್ಬ ಹಿರಿಯ ರಾಜಕೀಯ ನಾಯಕರು ತೀರಿಕೊಂಡಾಗ ಮುಂಬಯಿ ಸ್ತಬ್ಧವಾಯಿತು. ಆಗ ಠಾಣೆ ಜಿಲ್ಲೆಗೇ ಸೇರಿದ್ದ ಪಾಲಘರದಲ್ಲಿ ಒಬ್ಬ ತರುಣಿ ಅದನ್ನು ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದರು. ಅವರ ಗೆಳತಿ ಅದನ್ನು ಮೆಚ್ಚಿದರು. ಗುಂಪು ಸೇರಿ ಆ ತರುಣಿಯ ಬಂಧುವಿನ ಆಸ್ಪತ್ರೆಯನ್ನು ಧ್ವಂಸಮಾಡಿತು. ಪೊಲೀಸರು ತರುಣಿಯರಿಬ್ಬರನ್ನೂ ಬಂಧಿಸಿದರು. ಅವರ ಮಾತಿನಲ್ಲಿ ಹಿಂಸೆಗೆ ಕರೆಯಿರಲಿಲ್ಲ. ಹಿಂಸೆ ಬಂದುದು ಮಾತನ್ನು ಸಹಿಸದವರಿಂದ. ಈ ಪ್ರಸಂಗದಿಂದ ಕದಲಿದ ಒಬ್ಬ ಕಾನೂನು ವಿದ್ಯಾರ್ಥಿನಿ ಸುಪ್ರೀಮ್ ಕೋರ್ಟಿನ ಮೆಟ್ಟಲೇರಿದರು. 2015ರ ಮಾರ್ಚ್ 24ರಂದು ಕೋರ್ಟು ಮಾಹಿತಿ ತಂತ್ರಜ್ಞಾನ ಕಾನೂನಿನ 66-ಎ ಕಲಮನ್ನು ಅಸಿಂಧುವೆಂದು ಸಾರಿತು. ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ಮೂರನೆಯದರಲ್ಲಿ ಮಾತ್ರ ಕಾನೂನು ಕೈಹಾಕಬಹುದೆಂದು ವಿವರಿಸಿತು.

ವಿದ್ಯಾರ್ಥಿಗಳೇ, ಇಂದು ಪ್ರತಿಯೊಬ್ಬನ ಅಂಗೈಯಲ್ಲಿಯೂ ಒಂದು 'ಕೇಸರಿ' ಇದೆ. ಟಿಳಕರು ವಾರಕ್ಕೊಮ್ಮೆ ಅಚ್ಚುಹಾಕುತ್ತಿದ್ದುದನ್ನು ನೀವು ಕ್ಷಣಕ್ಕೊಮ್ಮೆ ಕಳುಹಿಸಬಲ್ಲಿರಿ. ಒಂದು ಸಂದೇಶವನ್ನು ಮುಂದೆ ಕಳುಹಿಸುವ ಮುನ್ನ ಮೂರು ಮಾತುಗಳನ್ನು ವಿಚಾರಿಸಿರಿ. ಇದು ನಿಜವೇ? ಕೊಲ್ಹಾಪುರದ ಕಾಗದಗಳನ್ನು ನೆನೆಯಿರಿ. ಇದನ್ನು ಇಡಿಯಾಗಿ ಓದಿದ್ದೇನೆಯೇ? ಬೆಳಗಾವಿಯ ಭಾಷಣವನ್ನು ನೆನೆಯಿರಿ. ಇದು ಅನ್ಯಾಯವನ್ನು ತೋರಿಸುತ್ತದೆಯೋ, ಯಾರ ಮೇಲಾದರೂ ಕೈಯೆತ್ತೆಂದು ಹೇಳುತ್ತದೆಯೋ? ಪುಣೆಯ ಆ ಜೂನ್ ತಿಂಗಳನ್ನು ನೆನೆಯಿರಿ. ಇನ್ನು, ನಿಮಗೆ ಒಪ್ಪದ ಮಾತನ್ನು ಮತ್ತೊಬ್ಬನು ಆಡಿದರೆ ಉತ್ತರವನ್ನು ಮಾತಿನಿಂದಲೇ ಕೊಡಿರಿ.

ಟಿಳಕರು ಶಿಕ್ಷೆಯನ್ನು ಕೇಳಿ ನಿಂತ ಅದೇ ಹೈಕೋರ್ಟಿನಲ್ಲಿ, 1956ರ ಜನ್ಮಶತಾಬ್ದಿಯ ವರ್ಷದಲ್ಲಿ, ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಅವರು ಒಂದು ಫಲಕವನ್ನು ಅನಾವರಣಗೊಳಿಸಿದರು. ಶಿಕ್ಷೆಯನ್ನು ಕೇಳಿದ ಗಳಿಗೆಯಲ್ಲಿ ಟಿಳಕರು ಆಡಿದ ಮಾತುಗಳನ್ನು ಅದರಲ್ಲಿ ಕೆತ್ತಲಾಗಿದೆ. ಯಾವ ಬಾಯಿಯನ್ನು ಮುಚ್ಚಿಸಲು ಆ ನ್ಯಾಯಾಲಯವು ಒಮ್ಮೆ ಯತ್ನಿಸಿತ್ತೋ, ಆ ಬಾಯಿಯ ಮಾತನ್ನು ಅದು ತನ್ನ ಗೋಡೆಯ ಮೇಲೆಯೇ ಕಾಪಾಡಿಕೊಂಡು ಬಂದಿದೆ. ಮುಂಬಯಿಯ ಕೋಟೆ ಪ್ರದೇಶಕ್ಕೆ ಹೋದಾಗ ಅದನ್ನು ಕಂಡು, ಓದಿ ಬನ್ನಿರಿ.